ಊರ ಹೆಸರಿಗೆ ವಿಭಕ್ತಿ: ಲ್ಯಾಟಿನ್ನಿನ ಅಂಕಿತನಾಮಗಳು ಮತ್ತು ಬೀದರ ಸೀಮೆಯ ಕನ್ನಡ

ವ್ಯಾಕರಣಗ್ರಂಥಗಳಲ್ಲಿ ಅಂಕಿತನಾಮಕ್ಕೆ ದೊರೆಯುವ ಸ್ಥಳ ಅಲ್ಪ. ಕ್ರಿ.ಶ. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಾಮವನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಭಾಗಿಸುತ್ತಾನೆ. ರೂಢನಾಮವು ಜಾತಿಯನ್ನೂ ಅನ್ವರ್ಥನಾಮವು ಗುಣವಿಶೇಷವನ್ನೂ ತಿಳಿಸಿದರೆ, ಅಂಕಿತನಾಮವು ವ್ಯವಹಾರಕ್ಕಾಗಿ ಇಟ್ಟ ಹೆಸರು. ಇಟ್ಟ ಹೆಸರಾದುದರಿಂದ ಅದಕ್ಕೆ ಭಾಷೆಯ ನಿಯಮಗಳ ಹಂಗಿಲ್ಲವೆಂದು ಅನೇಕರು ಭಾವಿಸುವುದುಂಟು. ಇದು ಸರಿಯಲ್ಲ. ಹೆಸರು ಎಲ್ಲಿಂದಲೇ ಬಂದಿರಲಿ, ಯಾವ ಭಾಷೆಯ ವಾಕ್ಯದಲ್ಲಿ ಅದು ನಿಲ್ಲುತ್ತದೆಯೋ ಆ ಭಾಷೆ ಅದಕ್ಕೆ ತನ್ನ ಅಂತ್ಯಸ್ವರವನ್ನೂ ಲಿಂಗವನ್ನೂ ವಿಭಕ್ತಿಯನ್ನೂ ಕೊಡುತ್ತದೆ. ಆದಕಾರಣ ಹೆಸರಿನ ಮೂಲಧಾತುವನ್ನು ಮಾತ್ರ ಹುಡುಕುವ ಸ್ಥಳನಾಮ ಅಧ್ಯಯನವು ಅರ್ಧ ಚರಿತ್ರೆಯನ್ನಷ್ಟೇ ಹೇಳಬಲ್ಲದು. ಉಳಿದ ಅರ್ಧ ಪ್ರತ್ಯಯಗಳಲ್ಲಿದೆ. ಲ್ಯಾಟಿನ್ ಭಾಷೆ ಊರು ಮತ್ತು ವ್ಯಕ್ತಿಗಳ ಹೆಸರುಗಳನ್ನು ನಡೆಸಿಕೊಂಡ ರೀತಿಯನ್ನು ಬೀದರ, ಭಾಲ್ಕಿ, ಔರಾದ ಪರಿಸರದ ಹೆಸರುಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

1. ಲ್ಯಾಟಿನ್ನಿನ ಊರುಗಳು

ಲ್ಯಾಟಿನ್ನಿನಲ್ಲಿ ವಿಭಕ್ತಿಗಳು ಸಾಮಾನ್ಯವಾಗಿ ಆರು. ನಮ್ಮ ಸಪ್ತಮಿಗೆ ಸಮನಾದ ಅಧಿಕರಣ ವಿಭಕ್ತಿ ಅತಿ ಪ್ರಾಚೀನ ಕಾಲದಲ್ಲಿ ಅಲ್ಲಿಯೂ ಇತ್ತು. ಕ್ರಮೇಣ ಅದು ಇತರ ವಿಭಕ್ತಿಗಳಲ್ಲಿ ಕರಗಿಹೋಯಿತು. ಆದರೆ ಊರುಗಳ ಹೆಸರುಗಳಲ್ಲಿ, ಚಿಕ್ಕ ದ್ವೀಪಗಳ ಹೆಸರುಗಳಲ್ಲಿ ಹಾಗೂ ಮನೆ, ನೆಲ, ಹಳ್ಳಿಗಾಡು ಎಂಬರ್ಥದ ಬೆರಳೆಣಿಕೆಯ ಶಬ್ದಗಳಲ್ಲಿ ಮಾತ್ರ ಅದು ಉಳಿದುಕೊಂಡಿತು. ‘ರೋಮಾ’ ಎಂಬುದು ‘ರೋಮೈ’ ಎಂದಾದರೆ ರೋಮಿನಲ್ಲಿ, ‘ರೋಮಮ್’ ಎಂದಾದರೆ ರೋಮಿಗೆ. ‘ಕೊರಿಂಥುಸ್’ ಎಂಬುದು ‘ಕೊರಿಂಥೀ’ ಎಂದಾದರೆ ಕೊರಿಂಥದಲ್ಲಿ. ಬಹುವಚನದ ‘ಅಥೇನೈ’ ಎಂಬುದು ‘ಅಥೇನೀಸ್’ ಎಂದಾದರೆ ಅಥೆನ್ಸಿನಲ್ಲಿ. ಇಲ್ಲಿ ಯಾವ ಉಪಸರ್ಗವೂ ಬೇಕಿಲ್ಲ. ಇಟಲಿಯಲ್ಲಿ, ಗ್ರೀಸಿನಲ್ಲಿ ಎನ್ನಬೇಕಾದರೆ ಮಾತ್ರ ‘ಇನ್’ ಎಂಬ ಉಪಸರ್ಗ ಅಗತ್ಯ. ನಾಡಿಗೆ ಒಂದು ನಿಯಮ, ಊರಿಗೆ ಇನ್ನೊಂದು. ಭಾಷೆ ಬೇರೆಲ್ಲ ಕಡೆ ಕಳೆದುಕೊಂಡ ವಿಭಕ್ತಿಯನ್ನು ಊರ ಹೆಸರುಗಳು ಕಾಪಾಡಿಕೊಂಡು ಬಂದವು.

ಲಿಂಗದ ವಿಷಯವೂ ಗಮನಾರ್ಹ. ‘-ಉಸ್’ ಅಂತ್ಯದ ಶಬ್ದಗಳು ಲ್ಯಾಟಿನ್ನಿನಲ್ಲಿ ಬಹುಮಟ್ಟಿಗೆ ಪುಲ್ಲಿಂಗ. ಆದರೆ ಕೊರಿಂಥುಸ್ ಎಂಬ ಊರು ಸ್ತ್ರೀಲಿಂಗ. ‘-ಆ’ ಅಂತ್ಯದ ಶಬ್ದಗಳು ಬಹುಮಟ್ಟಿಗೆ ಸ್ತ್ರೀಲಿಂಗ; ಆದರೆ ಇಬ್ನ್ ಸೀನಾ ಎಂಬ ಪಂಡಿತನ ಹೆಸರು ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಅವಿಕೆನ್ನಾ’ ಎಂದಾದಾಗ ಅದು ಪುಲ್ಲಿಂಗವಾಗಿಯೇ ಉಳಿಯಿತು. ರೂಪ ಒಂದು ಕಡೆ, ಅರ್ಥ ಇನ್ನೊಂದು ಕಡೆ ಎಳೆದಾಗ ಅಂಕಿತನಾಮಗಳಲ್ಲಿ ಅರ್ಥವೇ ಗೆದ್ದ ನಿದರ್ಶನಗಳಿವು.

2. ಬೀದರ, ಭಾಲ್ಕಿ, ಔರಾದ

ಕನ್ನಡದಲ್ಲಿ ಅರ್ಥವೇ ಲಿಂಗನಿರ್ಣಾಯಕ. ರಾಮ, ಮರ ಇವೆರಡೂ ಅಕಾರಾಂತಗಳೇ. ಆದರೆ ರಾಮನ, ರಾಮನಿಗೆ, ರಾಮನಲ್ಲಿ ಎಂದು ಪುಲ್ಲಿಂಗದಲ್ಲಿ ನಕಾರವೂ, ಮರದ, ಮರಕ್ಕೆ, ಮರದಲ್ಲಿ ಎಂದು ನಪುಂಸಕದಲ್ಲಿ ದಕಾರವೂ ಬರುತ್ತವೆ. ಊರು ನಪುಂಸಕ. ಆದುದರಿಂದ ಅಕಾರಾಂತವಾದ ಊರ ಹೆಸರು ಮರದ ದಾರಿಯನ್ನೇ ಹಿಡಿಯಬೇಕು: ಕಲ್ಯಾಣದ, ಕಲ್ಯಾಣಕ್ಕೆ, ಕಲ್ಯಾಣದಲ್ಲಿ.

ಈ ದೃಷ್ಟಿಯಿಂದ ಭಾಲ್ಕಿಯ ಹೆಸರು ತೊಡಕಿಲ್ಲದ್ದು. ಅದು ಇಕಾರಾಂತ. ಯಕಾರಾಗಮದೊಂದಿಗೆ ಭಾಲ್ಕಿಯ, ಭಾಲ್ಕಿಯಲ್ಲಿ ಎಂದೂ, ಚತುರ್ಥಿಯಲ್ಲಿ ಭಾಲ್ಕಿಗೆ ಎಂದೂ ನೇರವಾಗಿ ನಡೆಯುತ್ತದೆ. ಬರೆಯುವವರಲ್ಲಾಗಲಿ ಆಡುವವರಲ್ಲಾಗಲಿ ಈ ಬಗ್ಗೆ ಭಿನ್ನಮತವಿಲ್ಲ.

ಬೀದರದ ಸಂಗತಿ ಬೇರೆ. ಈ ಹೆಸರು ಮೂರು ರೂಪಗಳಲ್ಲಿ ಬರವಣಿಗೆಯಲ್ಲಿದೆ. ಹಲಂತವಾಗಿ ‘ಬೀದರ್’ ಎಂದಿಟ್ಟುಕೊಂಡರೆ ಬೀದರ್‌ನ, ಬೀದರ್‌ಗೆ, ಬೀದರ್‌ನಲ್ಲಿ. ಹೊಸಗನ್ನಡದ ಪದ್ಧತಿಯಂತೆ ಉಕಾರವನ್ನು ಸೇರಿಸಿಕೊಂಡರೆ ಬೀದರಿನ, ಬೀದರಿಗೆ, ಬೀದರಿನಲ್ಲಿ. ಅಕಾರಾಂತವೆಂದು ಹಿಡಿದರೆ ಬೀದರದ, ಬೀದರಕ್ಕೆ, ಬೀದರದಲ್ಲಿ. ಮೂರೂ ಒಂದೇ ಊರನ್ನು ಸೂಚಿಸಿದರೂ ವ್ಯಾಕರಣದ ಮಟ್ಟಿಗೆ ಮೂರು ಬೇರೆ ಬೇರೆ ನಿಲುವುಗಳು.

ಹಳಗನ್ನಡದಲ್ಲಿ ವ್ಯಂಜನಾಂತ ಶಬ್ದ ಸಹಜವಾಗಿತ್ತು. ಊರ್, ಮುಗಿಲ್, ಕಣ್ ಎಂಬಂತೆ ಹೆಸರು ನಿಲ್ಲುತ್ತಿತ್ತು. ಊರೊಳ್ ಎಂದು ಪ್ರತ್ಯಯ ನೇರವಾಗಿ ಕೂಡುತ್ತಿತ್ತು. ನಡುಗನ್ನಡದ ಹೊತ್ತಿಗೆ ಇವೆಲ್ಲ ಊರು, ಮುಗಿಲು, ಕಣ್ಣು ಎಂದು ಸ್ವರಾಂತಗಳಾದವು. ‘ಬೀದರಿನಲ್ಲಿ’ ಎಂಬುದು ಈ ನಡುಗನ್ನಡದ ಹಾದಿ. ‘ಬೀದರದಲ್ಲಿ’ ಎಂಬ ರೂಪ ಇನ್ನೊಂದು ಹಾದಿಯದು. ಪುರ, ನಗರ, ಕಲ್ಯಾಣಗಳಂತಹ ಅಕಾರಾಂತ ನಪುಂಸಕ ವರ್ಗವೇ ಕನ್ನಡದ ಊರ ಹೆಸರುಗಳಲ್ಲಿ ದೊಡ್ಡದು; ಹೊರಗಿನಿಂದ ಬಂದಂತೆ ತೋರುವ ಹೆಸರನ್ನು ಜನ ಆ ದೊಡ್ಡ ಗುಂಪಿಗೆ ಸೇರಿಸಿಕೊಂಡರು. ನೆರೆಯ ಮರಾಠಿಯ ಬರವಣಿಗೆಯೂ ಇದಕ್ಕೆ ಅನುಕೂಲವಾಗಿರಬೇಕು. ದೇವನಾಗರಿಯಲ್ಲಿ ಹಲಂತ ಚಿಹ್ನೆಯಿಲ್ಲದೆ ಬರೆದ ಕೊನೆಯ ಅಕ್ಷರವನ್ನು ಮರಾಠಿಗರು ವ್ಯಂಜನಾಂತವಾಗಿ ಉಚ್ಚರಿಸುತ್ತಾರೆ. ಕನ್ನಡಿಗರು ಅದನ್ನೇ ಅಕಾರಸಹಿತವಾಗಿ ಓದುತ್ತಾರೆ.

ಅಚ್ಚಿನಲ್ಲಿ ಆಗೀಗ ಕಾಣುವ ‘ಬೀದರನಲ್ಲಿ’ ಎಂಬ ನಾಲ್ಕನೆಯ ರೂಪ ಇವೆಲ್ಲಕ್ಕಿಂತ ವಿಚಿತ್ರ. ‘ಬೀದರ್‌ನಲ್ಲಿ’ ಎಂಬುದರ ಹಲಂತ ಚಿಹ್ನೆ ಬಿಟ್ಟುಹೋಗಿ ಉಳಿದ ರೂಪವಿದು. ಕನ್ನಡ ಕಿವಿಗೆ ಇದು ರಾಮನಲ್ಲಿ, ಭೀಮನಲ್ಲಿ ಎಂಬಂತೆ ಕೇಳಿಸುತ್ತದೆ. ಒಂದು ಚಿಹ್ನೆಯ ಲೋಪದಿಂದ ಊರು ಪುರುಷನಾಗಿಬಿಟ್ಟಿತು!

ಔರಾದದಲ್ಲಿ ಇದೇ ಸಮಸ್ಯೆ ಮತ್ತೊಂದು ಬಗೆಯಲ್ಲಿ ಎದುರಾಗುತ್ತದೆ. ಅಕಾರಾಂತವೆಂದು ಹಿಡಿದರೆ ಷಷ್ಠಿಯಲ್ಲಿ ‘ಔರಾದದ’ ಎಂದಾಗಿ ದಕಾರ ದ್ವಿರುಕ್ತವಾಗುತ್ತದೆ. ‘ಔರಾದಿನ’ ಎಂಬ ರೂಪ ನಾಲಗೆಗೆ ಹೆಚ್ಚು ಸುಲಭ. ಹೀಗೆ ಒಂದೇ ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳು ಮೂರು ವಿಭಕ್ತಿಮಾರ್ಗಗಳಿಗೆ ನಿದರ್ಶನವಾಗಿವೆ.

3. ಪರಭಾಷೆಯ ಬಾಯಲ್ಲಿ ದಖ್ಖನಿನ ಹೆಸರುಗಳು

ಹೆಸರೊಂದು ಗಡಿ ದಾಟಿದಾಗ ಏನಾಗುತ್ತದೆಂಬುದಕ್ಕೆ ದಖ್ಖನ್ನಿನ ಪ್ರಾಚೀನ ಸಾಕ್ಷ್ಯಗಳೇ ಇವೆ. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ಕೃತಿ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಭರುಕಚ್ಛದಿಂದ ದಕ್ಷಿಣಕ್ಕೆ ಇಪ್ಪತ್ತು ದಿನಗಳ ಹಾದಿಯಲ್ಲಿ ಪೈಠಣವನ್ನೂ, ಅಲ್ಲಿಂದ ಪೂರ್ವಕ್ಕೆ ಸುಮಾರು ಹತ್ತು ದಿನಗಳ ಹಾದಿಯಲ್ಲಿ ತಗರವನ್ನೂ ಹೆಸರಿಸುತ್ತದೆ. ಈ ತಗರವೇ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಮುಂದೆ ಶಿಲಾಹಾರರು ತಮ್ಮನ್ನು ‘ತಗರಪುರವರಾಧೀಶ್ವರ’ರೆಂದು ಕರೆದುಕೊಂಡದ್ದು ಈ ಊರಿನಿಂದಲೇ. ಗ್ರೀಕರ ‘ತಗರಾ’, ಶಾಸನಗಳ ‘ತಗರ’, ಜನರ ‘ತೇರ್’ ಇವು ಒಂದೇ ಸ್ಥಳ ಮೂರು ವ್ಯಾಕರಣಗಳಲ್ಲಿ ಪಡೆದ ರೂಪಗಳು.

2ನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಪೈಠಣವು ‘ಸಿರಿಪ್ಟೊಲೆಮಾಯೊಸ್’ ಎಂಬ ಅರಸನ ರಾಜಧಾನಿ. ಈತನು ಶಾತವಾಹನ ದೊರೆ ಸಿರಿ ಪುಳುಮಾವಿ ಎಂಬುದರಲ್ಲಿ ವಿದ್ವಾಂಸರಿಗೆ ಸಂಶಯವಿಲ್ಲ. ಅಪರಿಚಿತವಾದ ‘ಪುಳುಮಾವಿ’ಯು ಗ್ರೀಕ್ ಕಿವಿಗೆ ತಮ್ಮಲ್ಲಿ ಚಿರಪರಿಚಿತವಾದ ‘ಪ್ಟೊಲೆಮಾಯೊಸ್’ ಎಂದು ಕೇಳಿಸಿತು. ಭೂಗೋಳಕಾರನ ಹೆಸರೂ ಅದೇ! ಈ ಗ್ರಂಥ 15ನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್ನಿಗೆ ಬಂದಾಗ ‘-ಒಸ್’ ಅಂತ್ಯಗಳ ಸ್ಥಾನದಲ್ಲಿ ‘-ಉಸ್’ ನಿಂತಿತು.

ಇದು ಪರದೇಶೀಯರ ಅಜ್ಞಾನವಷ್ಟೇ ಎನ್ನುವಂತಿಲ್ಲ. ಶಾತವಾಹನರ ಬೆಳ್ಳಿಯ ಭಾವಚಿತ್ರ ನಾಣ್ಯಗಳನ್ನು ನೋಡಬಹುದು. ಒಂದು ಮುಖದಲ್ಲಿ ಪ್ರಾಕೃತದ ಲೇಖವಿದ್ದು ಅರಸನ ಹೆಸರು ‘-ಸ’ ಎಂಬ ಷಷ್ಠೀ ಪ್ರತ್ಯಯದಿಂದ ಮುಗಿಯುತ್ತದೆ. ಇನ್ನೊಂದು ಮುಖದ ಲೇಖ ದ್ರಾವಿಡ ಭಾಷಾರೂಪದ್ದು. ಅಲ್ಲಿ ‘ಅರಹಣಕು’, ‘ಮಕಣಕು’ ಎಂದು ‘-ಕು’ ಪ್ರತ್ಯಯ ಬರುತ್ತದೆ. ಗ್ರೀಕ್ ನಾಣ್ಯಗಳಲ್ಲಿಯೂ ಅರಸನ ಹೆಸರು ಷಷ್ಠಿಯಲ್ಲಿಯೇ ಇರುವುದು ವಾಡಿಕೆ: ಇಂಥವನ ನಾಣ್ಯ ಎಂದರ್ಥ. ಅರಸ ಒಬ್ಬನೇ, ನಾಣ್ಯವೂ ಒಂದೇ. ಆದರೆ ಹೆಸರಿಗೆ ಎರಡು ವ್ಯಾಕರಣಗಳು. ಆಳುವವರು ಎರಡು ಭಾಷಾಸಮುದಾಯಗಳನ್ನು ಉದ್ದೇಶಿಸಿ ಮಾತನಾಡುತ್ತಿದ್ದರೆಂಬುದಕ್ಕೆ ಈ ಎರಡು ಪ್ರತ್ಯಯಗಳಿಗಿಂತ ಹೆಚ್ಚಿನ ಆಧಾರ ಬೇಕಿಲ್ಲ.

ಮಧ್ಯಯುಗಕ್ಕೆ ಬಂದರೆ, ವೆನಿಸ್ ಪ್ರಾಂತದ ಪ್ರವಾಸಿ ನಿಕೊಲೊ ಕೊಂಟಿಯ ವೃತ್ತಾಂತವನ್ನು ಮಾನವತಾವಾದಿ ವಿದ್ವಾಂಸ ಪೊಜ್ಜೊ 15ನೆಯ ಶತಮಾನದ ಮಧ್ಯಭಾಗದಲ್ಲಿ ಲ್ಯಾಟಿನ್ನಿನಲ್ಲಿ ದಾಖಲಿಸಿದ. ಅದರಲ್ಲಿ ವಿಜಯನಗರವು ‘ಬಿಜೆನೆಗಾಲಿಯಾ’. ‘ನಗರ’ ಶಬ್ದ ಗುರುತು ಸಿಗದಂತೆ ಮಾರ್ಪಟ್ಟು, ಇಟಾಲಿಯಾ, ಗಾಲಿಯಾ ಎಂಬಂತೆ ‘-ಇಯಾ’ ಅಂತ್ಯವನ್ನು ಪಡೆದು, ಪ್ರಥಮ ವರ್ಗದ ಸ್ತ್ರೀಲಿಂಗ ಶಬ್ದವಾಯಿತು. ಹಾಗಾದ ಮೇಲೆಯೇ ಅದು ಲ್ಯಾಟಿನ್ ವಾಕ್ಯದಲ್ಲಿ ಎಲ್ಲ ವಿಭಕ್ತಿಗಳಲ್ಲಿ ನಡೆಯಲು ಯೋಗ್ಯವಾಯಿತು.

ಅದೇ ಶತಮಾನದ ಎಪ್ಪತ್ತರ ದಶಕದ ಆಸುಪಾಸಿನಲ್ಲಿ ಬೀದರಕ್ಕೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಈ ಊರನ್ನು ‘ಬೇದೆರ್’ ಎಂದು ಬರೆದು ಅದಕ್ಕೆ ರಷ್ಯನ್ ವಿಭಕ್ತಿಗಳನ್ನು ಹಚ್ಚಿದ. ಫಾರಸಿ ಲಿಪಿಯಲ್ಲಿ ಈ ಹೆಸರಿನ ಮೊದಲ ಸ್ವರಕ್ಕೆ ಬಳಸುವ ಅಕ್ಷರವನ್ನು ‘ಈ’ ಎಂದೂ ‘ಏ’ ಎಂದೂ ಓದಬಹುದೆಂಬುದು ಇಲ್ಲಿ ನೆನಪಿಡತಕ್ಕದ್ದು. ವಜೀರ ಮಹಮೂದ್ ಗವಾನನಿಗಿದ್ದ ‘ಮಲಿಕ್-ಉತ್-ತುಜ್ಜಾರ್’, ಅಂದರೆ ವರ್ತಕರ ಒಡೆಯ ಎಂಬ ಅರಬ್ಬಿ ಬಿರುದನ್ನೂ ನಿಕಿತಿನ್ ಒಂದೇ ಶಬ್ದವಾಗಿ, ಅಂಕಿತನಾಮದಂತೆ ಬಳಸಿದ್ದಾನೆ.

4. ಊರಿನಿಂದ ವ್ಯಕ್ತಿಗೆ

ಊರ ಹೆಸರು ವ್ಯಕ್ತಿಯ ಹೆಸರಾಗುವ ಕ್ರಮವೂ ವ್ಯಾಕರಣದ ಕ್ರಮವೇ. ಲ್ಯಾಟಿನ್ನಿನಲ್ಲಿ ‘-ಎನ್ಸಿಸ್’, ‘-ಆನುಸ್’ ಎಂಬ ತದ್ಧಿತ ಪ್ರತ್ಯಯಗಳು ಈ ಕೆಲಸಕ್ಕೆ ಮೀಸಲು. ಸಸ್ಯಶಾಸ್ತ್ರದ ಲ್ಯಾಟಿನ್ನಿನಲ್ಲಿ ‘-ಎನ್ಸಿಸ್’ ಇಂದಿಗೂ ಜೀವಂತವಾಗಿದೆ. ಪಶ್ಚಿಮಘಟ್ಟದ ಒಂದು ಹೂಬಳ್ಳಿಗೆ ‘ಥುನ್‌ಬೆರ್ಗಿಯಾ ಮೈಸೊರೆನ್ಸಿಸ್’ ಎಂದು ಹೆಸರು. ಮೊದಲ ಪದ ಥುನ್‌ಬೆರ್ಗ್ ಎಂಬ ಸಸ್ಯವಿಜ್ಞಾನಿಯದು, ಎರಡನೆಯದು ಮೈಸೂರಿನದು. ವ್ಯಕ್ತಿ ಮತ್ತು ಊರು ಇಬ್ಬರೂ ಲ್ಯಾಟಿನ್ ಪ್ರತ್ಯಯ ಧರಿಸಿದ್ದಾರೆ. ಮೊದಲ ಪದ ನಪುಂಸಕವಾಗಿದ್ದರೆ ಮೈಸೂರು ‘ಮೈಸೊರೆನ್ಸೆ’ ಎಂದಾಗಬೇಕಿತ್ತು.

ಗೆದ್ದ ಊರಿನಿಂದ ಬಿರುದು ಪಡೆಯುವ ರೋಮನ್ ಪದ್ಧತಿ ಪ್ರಸಿದ್ಧವಾದುದು. ಕೊರಿಯೊಲಿ ಎಂಬ ಊರನ್ನು ಗೆದ್ದನೆಂಬ ಐತಿಹ್ಯದಿಂದ ಮಾರ್ಕಿಯುಸ್ ಎಂಬವನು ‘ಕೊರಿಯೊಲಾನುಸ್’ ಆದ. ಆಫ್ರಿಕದಲ್ಲಿ ಹನ್ನಿಬಲನನ್ನು ಸೋಲಿಸಿದ ಸ್ಕಿಪಿಯೊ ‘ಆಫ್ರಿಕಾನುಸ್’ ಆದ. ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಕಿತ್ತುಕೊಂಡು ‘ತಲಕಾಡುಗೊಂಡ’ನಾದ, ಆತನ ನಾಣ್ಯಗಳ ಮೇಲೆಯೂ ಈ ಬಿರುದಿದೆ. ರೋಮನರ ಬಿರುದಿನಲ್ಲಿ ಊರಿಗೆ ತದ್ಧಿತ ಪ್ರತ್ಯಯ ಹತ್ತಿದೆಯೇ ಹೊರತು ಗೆದ್ದ ಕ್ರಿಯೆಯ ಸುಳಿವಿಲ್ಲ. ಕನ್ನಡದ ಬಿರುದಿನಲ್ಲಿ ತಲಕಾಡು ಕರ್ಮಪದ. ದ್ವಿತೀಯಾ ವಿಭಕ್ತಿ ಲೋಪವಾಗಿ, ‘ಕೊಂಡ’ ಎಂಬ ಕೃದಂತದ ಕಕಾರಕ್ಕೆ ಗಕಾರಾದೇಶವಾಗಿದೆ. ಒಂದು ಯುದ್ಧದ ವಾಕ್ಯವೇ ಸಮಾಸವಾಗಿ ಕುಗ್ಗಿ ವ್ಯಕ್ತಿನಾಮವಾಗಿದೆ.

ಬೀದರ ಸೀಮೆಗೆ ಹೊಂದಿಕೊಂಡ ಲಾತೂರು ಶಾಸನಗಳಲ್ಲಿ ‘ಲತ್ತಲೂರ್’. ರಾಷ್ಟ್ರಕೂಟರೂ ಸವದತ್ತಿಯ ರಟ್ಟರೂ ‘ಲತ್ತಲೂರಪುರವರಾಧೀಶ್ವರ’ ಎಂಬ ಬಿರುದನ್ನು ಧರಿಸಿದವರು. ಇಲ್ಲಿ ಆ ಊರನ್ನು ಗೆದ್ದ ಮಾತಿಲ್ಲ, ಮೂಲಸ್ಥಾನದ ಅಭಿಮಾನವಿದೆ. ‘ಊರ್’ ಎಂಬ ಕನ್ನಡ ಅಂತ್ಯವುಳ್ಳ ಹೆಸರಿನ ಮೇಲೆ ಮತ್ತೆ ‘ಪುರ’ವನ್ನು ಹೇರಿ ಸಂಸ್ಕೃತ ಸಮಾಸ ಕಟ್ಟಿದುದರಿಂದ ಇದು ಅರಿಸಮಾಸವಾಗುತ್ತದೆ. ಬಿರುದಾವಳಿಗಳಲ್ಲಿ ಅರಿಸಮಾಸಕ್ಕೆ ವೈಯಾಕರಣರು ವಿನಾಯಿತಿ ಕೊಟ್ಟ ಕಾರಣ ಇಂಥ ಪ್ರಯೋಗಗಳಿಂದ ತಿಳಿಯುತ್ತದೆ. ಅಂಕಿತನಾಮವನ್ನು ಭಾಷಾಂತರಿಸದೆ ಸಂಸ್ಕೃತದ ಬಿರುದಿನಲ್ಲಿ ಕೂರಿಸಲು ಬೇರೆ ದಾರಿಯಿರಲಿಲ್ಲ.

ಬಹಮನಿಯರ ಕಾಲದ ಬೀದರ ಫಾರಸಿಯ ‘-ಈ’ ಪ್ರತ್ಯಯವನ್ನು ತಂದಿತು. ಗೀಲಾನ್ ಪ್ರಾಂತದವನು ಗೀಲಾನಿ. ಬೀದರದ ಲೋಹಕುಸುರಿ ‘ಬೀದರೀ’, ಜನರ ಬಾಯಲ್ಲಿ ‘ಬಿದ್ರಿ’. ಗವಾನನ ಹೆಸರಿನಲ್ಲಿಯೇ ಗೀಲಾನಿನ ಒಂದು ಊರು ಅಡಗಿದೆ. ಆದರೆ 1472ರಲ್ಲಿ ಪೂರ್ಣಗೊಂಡ ಆತನ ಮದರಸವನ್ನು ಕನ್ನಡದಲ್ಲಿ ‘ಗವಾನನ ಮದರಸ’ ಎಂದೇ ಹೇಳುತ್ತೇವೆ. ಇರಾನಿನ ಊರು ಕನ್ನಡದಲ್ಲಿ ಪುಲ್ಲಿಂಗವಾಯಿತು, ಮತ್ತು ವ್ಯಕ್ತಿಯ ಹೆಸರಾದುದರಿಂದ ಇಲ್ಲಿ ಅದು ಯುಕ್ತವೇ. ಮರಾಠಿಯ ‘-ಕರ’ ಪ್ರತ್ಯಯವೂ ಈ ಭಾಗದ ಮನೆತನದ ಹೆಸರುಗಳಲ್ಲಿ ಹೇರಳ. ಒಂದು ಕಾಲಕ್ಕೆ ಬೀದರ ಜಿಲ್ಲೆಯದೇ ತಾಲ್ಲೂಕಾಗಿದ್ದ ನಿಲಂಗಾದಿಂದ ‘ನಿಲಂಗೇಕರ’ ಎಂದಾಗುವಾಗ ಊರ ಹೆಸರಿನ ಅಂತ್ಯಸ್ವರ ಬದಲಾಗುವುದನ್ನು ಕಾಣಬಹುದು. ಉತ್ತರ ಕರ್ನಾಟಕದ ಕನ್ನಡ ಮನೆತನಗಳಲ್ಲಿಯಾದರೋ ಪ್ರತ್ಯಯವಿಲ್ಲದ ಊರೇ ಅಡ್ಡಹೆಸರಾಗುವುದು ಸಾಮಾನ್ಯ. ‘ಕನ್ನಡ ನಾಮವಿಜ್ಞಾನ’ವನ್ನು ಬರೆದ ಎಂ. ಎಂ. ಕಲಬುರ್ಗಿಯವರ ಹೆಸರೇ ಇದಕ್ಕೆ ನಿದರ್ಶನ. ಸರ್ಕಾರಿ ಕಡತಗಳಲ್ಲಿ ಊರು ‘ಗುಲ್ಬರ್ಗಾ’ ಆಗಿದ್ದಾಗಲೂ ಮನೆತನದ ಹೆಸರು ಕನ್ನಡ ರೂಪವನ್ನೇ ಉಳಿಸಿಕೊಂಡಿತ್ತು.

5. ಅನುವಾದಗೊಂಡ ಹೆಸರುಗಳು

ಹೆಸರಿಗೆ ಪ್ರತ್ಯಯ ಹಚ್ಚುವ ಬದಲು ಹೆಸರನ್ನೇ ಅನುವಾದಿಸುವ ಮಾರ್ಗವೂ ಇತ್ತು. ಗವಾನನ ಸಮಕಾಲೀನನಾದ ಜರ್ಮನ್ ಖಗೋಳಜ್ಞ ಯೊಹಾನೆಸ್ ಮ್ಯೂಲರನ (1436-1476) ಊರು ಕ್ಯೋನಿಗ್ಸ್‌ಬೆರ್ಗ್, ಅರ್ಥಾತ್ ರಾಜಗಿರಿ. ಅದನ್ನು ಲ್ಯಾಟಿನ್ನಿನಲ್ಲಿ ‘ಮೋನ್ಸ್ ರೇಗಿಯುಸ್’ ಎಂದು ಅನುವಾದಿಸಿ, ಅದರಿಂದ ಆತನನ್ನು ‘ರೇಗಿಯೊಮೊಂಟಾನುಸ್’ ಎಂದು ಕರೆದರು. ನಮ್ಮ ಜೈನ ಕ್ಷೇತ್ರಗಳಲ್ಲಿ ನಡೆದುದೂ ಇದೇ. ಮೂಡುಬಿದಿರೆ ಸಂಸ್ಕೃತದಲ್ಲಿ ವೇಣುಪುರವಾಯಿತು. ಬೆಳ್ಗೊಳವು ಧವಲಸರೋವರ, ಶ್ವೇತಸರೋವರವಾಯಿತು. ಅನುವಾದದಿಂದ ಒಂದು ಪ್ರಯೋಜನವಿದೆ. ಆ ಕಾಲದವರು ಊರ ಹೆಸರನ್ನು ಹೇಗೆ ಅರ್ಥಮಾಡಿಕೊಂಡಿದ್ದರೆಂಬುದು ಅದರಿಂದ ಖಚಿತವಾಗುತ್ತದೆ. ಬೀದರವನ್ನು ಕೆಲವರು ಬಿದಿರಿನಿಂದಲೂ, ಕೆಲವರು ಮಹಾಭಾರತದ ವಿದುರನಿಂದಲೂ ನಿಷ್ಪನ್ನಗೊಳಿಸುತ್ತಾರೆ. ಮೂಡುಬಿದಿರೆಗೆ ವೇಣುಪುರವೆಂಬ ಹೆಸರು ಸಾಕ್ಷಿಯಾಗಿರುವಂತೆ ಇಲ್ಲಿ ಸರ್ವಸಮ್ಮತವಾದ ಸಾಕ್ಷಿಯಿಲ್ಲದ ಕಾರಣ ಈ ಚರ್ಚೆ ಮುಂದುವರಿದಿದೆ.

6. ಹೇರಿದ ಹೆಸರು, ಉಳಿದ ಹೆಸರು

ಬಹಮನಿ ಸುಲ್ತಾನ ಅಹಮದ್ ಶಾಹನು 15ನೆಯ ಶತಮಾನದ ಮೊದಲರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಸ್ಥಳಾಂತರಿಸಿದ. ನಾಣ್ಯಗಳಲ್ಲಿ ಅದು ಮುಹಮ್ಮದಾಬಾದ್. ಮುಂದೆ ಔರಂಗಜೇಬನು ಕೋಟೆಯನ್ನು ಗೆದ್ದಾಗ ಅದು ಜಫರಾಬಾದ್, ಅಂದರೆ ವಿಜಯದ ಊರು, ಎನಿಸಿತು. ಎರಡೂ ಟಂಕಸಾಲೆ ಹಾಗೂ ದಫ್ತರಗಳ ಹೆಸರುಗಳಾಗಿ ಅಲ್ಲಿಯೇ ಮುಗಿದವು. ರೋಮನ್ ಚಕ್ರವರ್ತಿ ಹೇಡ್ರಿಯನ್ 2ನೆಯ ಶತಮಾನದಲ್ಲಿ ಜೆರುಸಲೇಮಿಗೆ ‘ಆಯ್ಲಿಯಾ ಕಪಿಟೊಲೀನಾ’ ಎಂದು ಹೆಸರಿಟ್ಟ. ಲ್ಯಾಟಿನ್ ವ್ಯಾಕರಣಕ್ಕೆ ಸಂಪೂರ್ಣ ಒಪ್ಪುವ ಹೆಸರದು. ಆದರೂ ಕಾಲಾಂತರದಲ್ಲಿ ಹಳೆಯ ಹೆಸರೇ ಗೆದ್ದಿತು. ರಾಜಾಜ್ಞೆಯಿಂದ ಹೆಸರು ಹುಟ್ಟಬಹುದು. ಸಂತೆಗೆ, ಜಾತ್ರೆಗೆ, ಹೆಣ್ಣು ಕೊಟ್ಟ ಊರಿಗೆ ಹೋಗಿಬರುವವರು ಚತುರ್ಥಿ, ಪಂಚಮಿ, ಸಪ್ತಮಿಗಳಲ್ಲಿ ದಿನವೂ ನುಡಿಯದಿದ್ದರೆ ಅದು ಬಾಳದು.

ಆಡಳಿತ ಭಾಷೆಯ ಗುರುತು ಉಳಿದಿರುವುದು ಬೇರೆಡೆಯಲ್ಲಿ. ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸಲು ಕನ್ನಡವು ಹಿರೇ, ಚಿಕ್ಕ ಎಂಬ ವಿಶೇಷಣಗಳನ್ನು ಹೆಸರಿನ ಹಿಂದೆ ಇಡುತ್ತದೆ. ಫಾರಸಿ ಮೂಲದ ಬುದ್ರುಕ, ಖುರ್ದಗಳು ಹೆಸರಿನ ಮುಂದೆ ಬರುತ್ತವೆ. ಲ್ಯಾಟಿನ್ನಿನ ಆಲ್ಬಾ ಲೊಂಗಾ, ಕಾರ್ಥಾಗೋ ನೋವಾ ಎಂಬವುಗಳ ಕ್ರಮವೂ ಇದೇ. ಲಾತೂರು ಜಿಲ್ಲೆಯಲ್ಲಿ ಔರಾದ ಶಹಾಜನಿ ಎಂಬ ಇನ್ನೊಂದು ಊರಿದೆ. ನಮ್ಮ ತಾಲ್ಲೂಕು ಕೇಂದ್ರ ‘ಔರಾದ (ಬಾ)’ ಎಂದು ಬರೆಯಲ್ಪಡುತ್ತದೆ. ವಿಶೇಷಣದ ಸ್ಥಾನ ಕನ್ನಡದ್ದಲ್ಲ, ದಫ್ತರದ್ದು. ಹೈದರಾಬಾದ್ ಸಂಸ್ಥಾನದ ಉರ್ದು ಆಡಳಿತ 1948ರಲ್ಲಿ ಕೊನೆಗೊಂಡು, 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದ್‌ಗಳು ಮೈಸೂರು ರಾಜ್ಯಕ್ಕೂ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ ಸೇರಿದ ಮೇಲೂ ಪದಕ್ರಮದ ಈ ಗುರುತು ಅಳಿಯಲಿಲ್ಲ.

7. ಅವ್ಯಯವಾಗುತ್ತಿರುವ ಊರು

ಲ್ಯಾಟಿನ್ ಎಲ್ಲ ಹೆಸರುಗಳನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೀಬ್ರೂ ಮೂಲದ ಬೆತ್ಲೆಹೆಮ್, ದಾವಿದ್ ಮುಂತಾದವು ಬೈಬಲಿನ ಲ್ಯಾಟಿನ್ನಿನಲ್ಲಿ ಅವಿಕಾರಿಗಳು. ಯಾವ ವಿಭಕ್ತಿಯಲ್ಲಿಯೂ ಅವುಗಳ ರೂಪ ಬದಲಾಗದು. ಜೆರುಸಲೇಮಿಗಂತೂ ಎರಡು ರೂಪಗಳು: ‘ಯೆರುಸಲೆಮ್’ ಅವಿಕಾರಿ, ‘ಹಿಯೆರೊಸೊಲಿಮಾ’ ವಿಕಾರಿ. ಪವಿತ್ರವೆಂಬ ಭಾವದಿಂದ ಮುಟ್ಟದೆ ಉಳಿಸಿದ ರೂಪ ಒಂದು, ಬಳಕೆಯಿಂದ ಒಗ್ಗಿಸಿಕೊಂಡ ರೂಪ ಇನ್ನೊಂದು.

‘ಬೀದರ್‌ನಲ್ಲಿ’, ‘ಔರಾದ್‌ನಲ್ಲಿ’ ಎಂಬ ಇಂದಿನ ಬರವಣಿಗೆ ಕನ್ನಡದ ಊರುಗಳನ್ನು ಈ ಅವಿಕಾರಿ ವರ್ಗಕ್ಕೆ ತಳ್ಳುತ್ತಿದೆ. ಹೆಸರಿಗೂ ಪ್ರತ್ಯಯಕ್ಕೂ ನಡುವೆ ಸಂಧಿಯಿಲ್ಲ, ಆಗಮವಿಲ್ಲ, ಆದೇಶವಿಲ್ಲ. ಲಂಡನ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಎಂದು ಬರೆಯುವ ಕ್ರಮವನ್ನೇ, ಕಲ್ಯಾಣದ ಚಾಲುಕ್ಯರು ಆಳಿದ ನೆಲದ ಊರುಗಳಿಗೂ ಅನ್ವಯಿಸಿದಂತಾಗಿದೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 2014ರಲ್ಲಿ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದಾಗ ಬದಲಾದದ್ದು ಹೆಸರೊಂದೇ ಅಲ್ಲ. ‘ಗುಲ್ಬರ್ಗಾಕ್ಕೆ’ ಎಂಬುದು ‘ಕಲಬುರಗಿಗೆ’ ಎಂದಾಗಿ ಊರಿನ ವಿಭಕ್ತಿವರ್ಗವೇ ಬದಲಾಯಿತು.

ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಊರ ಹ‍ೆಸರುಗಳನ್ನು ಚರಿತ್ರೆಯ ಆಕರಗಳೆಂದು ತೋರಿಸಿಕೊಟ್ಟರು. ಆ ದಾರಿಯಲ್ಲಿ ಮುಂದಿನ ಹೆಜ್ಜೆ ಉಳಿದಿದೆ. ಸ್ಥಳನಾಮ ಕೋಶಗಳು ಹೆಸರನ್ನು ಪ್ರಥಮಾ ವಿಭಕ್ತಿಯಲ್ಲಿ ಮಾತ್ರ ದಾಖಲಿಸಿದರೆ ಸಾಲದು. ಆ ಊರಿನವರು ಮತ್ತು ನೆರೆಯೂರಿನವರು ಅದನ್ನು ಚತುರ್ಥಿ, ಷಷ್ಠಿ, ಸಪ್ತಮಿಗಳಲ್ಲಿ ಹೇಗೆ ನುಡಿಯುತ್ತಾರೆಂಬುದನ್ನೂ ಬರೆದಿಡಬೇಕು. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಕೂಡುವ ಬೀದರ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಅವಕಾಶವೂ ಹೆಚ್ಚು, ತುರ್ತೂ ಹೆಚ್ಚು. ಶಾಲೆಯ ಪುಸ್ತಕ, ಪತ್ರಿಕೆ, ಬಸ್ಸಿನ ಫಲಕಗಳು ಒಂದೇ ಹಲಂತ ರೂಪವನ್ನು ರೂಢಿಗೆ ತರುತ್ತಿರುವಾಗ ‘ಬೀದರಕ್ಕೆ’ ಎನ್ನುವ ತಲೆಮಾರು ಹಿಂದೆ ಸರಿಯುತ್ತಿದೆ. ಲ್ಯಾಟಿನ್ನಿನಲ್ಲಿ ಒಂದು ಇಡೀ ವಿಭಕ್ತಿಯನ್ನು ಊರ ಹೆಸರುಗಳು ಉಳಿಸಿಕೊಟ್ಟವು. ಊರ ಹೆಸರಿನ ವಿಭಕ್ತಿಯನ್ನು ಉಳಿಸಿಕೊಳ್ಳುವ ಹೊಣೆ ಈಗ ಕನ್ನಡದ ಮೇಲಿದೆ.